ಸೀಟಿ ಪಕ್ಷದ ಸುಬ್ಬಲಕ್ಷ್ಮಿ

ಕೊಪ್ಪದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರು ಒಂದು ಕಾಲಕ್ಕೆ ಆರು ಮಂದಿ ಇದ್ದರು. ಈಗ ಇಬ್ಬರೇ ಉಳಿದಿದ್ದಾರೆ. ಅವರಲ್ಲೊಬ್ಬರು ಸುಬ್ಬಲಕ್ಷ್ಮಿ. ವಯಸ್ಸು ಐವತ್ತೇಳು, ಗಿಡ್ಡ ಆಳು, ಕನ್ನಡಕ ಯಾವಾಗಲೂ ಮೂಗಿನ ಅರ್ಧಕ್ಕೆ ಇಳಿದಿರುತ್ತದೆ. ಖಾತೆ ಬದಲಾವಣೆ, ವಿಧವಾ ವೇತನ, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಸೊಸೆಯ ಹೆಸರು, ಏನೇ ಇರಲಿ, ಬಂದವರು ಹೇಳಿ ಮುಗಿಸುವಷ್ಟರಲ್ಲಿ ಇವರು ಅರ್ಧ ಪುಟ ಟೈಪ್ ಮಾಡಿರುತ್ತಾರೆ. ಇವರು ಒಂದು ರಾಜಕೀಯ ಪಕ್ಷದ ಪ್ರಧಾನ ಕಾರ್ಯದರ್ಶಿ ಎಂದು ಹೊಸಬರಿಗೆ ಹೇಳಿದರೆ ಮೊದಲು ನಗುತ್ತಾರೆ. ನಾನೂ ನಕ್ಕವನೇ.

ಸುಬ್ಬಲಕ್ಷ್ಮಿ ಹುಟ್ಟಿದ್ದು ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ, ಪುರೋಹಿತರ ಮನೆಯಲ್ಲಿ. ಪಿಯುಸಿ ಮುಗಿದ ವರ್ಷವೇ ಹೊಸಮಕ್ಕಿಯ ಗಣಪಯ್ಯನವರಿಗೆ ಕೊಟ್ಟು ಮದುವೆ ಮಾಡಿದರು. ಹೊಸಮಕ್ಕಿ ಎಂದರೆ ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೋಗುವಾಗ ಸಿಗುವ ಸಣ್ಣ ಪೇಟೆ, ಹನ್ನೊಂದು ವಾರ್ಡಿನ ಪಟ್ಟಣ ಪಂಚಾಯಿತಿ. ಗಣಪಯ್ಯನವರು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗಿ ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಮದುವೆಯಾದ ಹದಿನಾರನೇ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ವಾರ ಅವರು ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಕೈ ಹೋಗಿದೆ, ಬಾಯಿ ಹೋಗಿಲ್ಲ. ನಾ ಹೇಳ್ತೆ, ನೀ ಹೊಡಿ" ಎಂದರು.

ಹಾಗೆ ಶುರುವಾಯಿತು. ಒಂದೂವರೆ ವರ್ಷ ಗಂಡ ಪಕ್ಕದಲ್ಲಿ ಕೂತು ಹೇಳಿದರು, ಇವರು ಹೊಡೆದರು. ಗಂಡಸರ ಸಾಲಿನಲ್ಲಿ ಒಬ್ಬ ಹೆಂಗಸು ಬಂದು ಕೂತದ್ದಕ್ಕೆ ಮೊದಮೊದಲು ಕೆಲವರು ಮುಖ ಸಿಂಡರಿಸಿದರು. ಆಮೇಲೆ ಅವರ ಅರ್ಜಿ ತಿರಸ್ಕಾರವಾಗುವುದು ಕಡಿಮೆ ಎಂದು ಗೊತ್ತಾದ ಮೇಲೆ ಅದೇ ಜನ ಸಾಲು ನಿಂತರು. ಗಣಪಯ್ಯನವರು ಮನೆಯಲ್ಲಿ ಉಳಿದರು, ಇವರೊಬ್ಬರೇ ಬಸ್ಸು ಹತ್ತತೊಡಗಿದರು.

ಅವರ ಹತ್ತಿರ ಬರುತ್ತಿದ್ದವರಲ್ಲಿ ಯಮುನಮ್ಮ ಎಂಬುವರೊಬ್ಬರು. ಹೊಸಮಕ್ಕಿಯ ಸಂತೆ ಮೈದಾನದ ಹಿಂದಿರುವ ಗುಡ್ಡದ ಕಾಲೋನಿಯವರು. ಊರಿನ ಕಸ ಹೊರುವ, ಚರಂಡಿ ಬಳಿಯುವ ನಲವತ್ಮೂರು ಕುಟುಂಬಗಳು ಮೂವತ್ತು ವರ್ಷಗಳಿಂದ ಅಲ್ಲಿ ಮನೆ ಕಟ್ಟಿಕೊಂಡಿದ್ದವು. ಯಾರೊಬ್ಬರಿಗೂ ಹಕ್ಕುಪತ್ರ ಇರಲಿಲ್ಲ. ಹಕ್ಕುಪತ್ರ ಇಲ್ಲದ್ದರಿಂದ ಸರ್ಕಾರದ ಮನೆ ಇಲ್ಲ, ಬ್ಯಾಂಕಿನ ಸಾಲ ಇಲ್ಲ, ಯಾರಾದರೂ ಏಳಿ ಎಂದರೆ ಏಳಬೇಕು. ಯಮುನಮ್ಮನ ಗಂಡ ಪೌರಕಾರ್ಮಿಕನಾಗಿದ್ದು ತೀರಿಕೊಂಡಿದ್ದ. ಆಕೆಯೂ ಗುತ್ತಿಗೆ ಮೇಲೆ ಹನ್ನೆರಡು ವರ್ಷ ಕಸದ ಗಾಡಿಯ ಜೊತೆ ನಡೆದು, ಮಂಡಿ ನೋವಿಗೆ ಬಿಟ್ಟು, ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರು. ಕಾಲೋನಿಯವರ ಪರವಾಗಿ ಕಚೇರಿ ತಿರುಗುವ ಕೆಲಸ ಅವರದೇ.

ಪ್ರತಿ ಸಲವೂ ತಾಲ್ಲೂಕು ಕಚೇರಿಯಿಂದ ಒಂದೇ ಉತ್ತರ ಬರುತ್ತಿತ್ತು. ಜಾಗ ಪಟ್ಟಣ ಪಂಚಾಯಿತಿಯ ಹೆಸರಿನಲ್ಲಿದೆ, ಪಂಚಾಯಿತಿ ಅದನ್ನು ಬಿಟ್ಟುಕೊಡುವ ಠರಾವು ಮಾಡಿದರೆ ಮಾತ್ರ ಪರಿಶೀಲಿಸಬಹುದು. ಅವರು ಹೇಳಿದ್ದು ಕಾನೂನು ಪ್ರಕಾರ ಸರಿಯೇ ಇತ್ತು. ಆದರೆ ಹೊಸಮಕ್ಕಿಯ ಪಂಚಾಯಿತಿ ಆ ವಿಷಯವನ್ನು ಒಮ್ಮೆಯೂ ಸಭೆಗೆ ತರಲಿಲ್ಲ. ಯಾವ ಪಕ್ಷ ಬಂದರೂ ಸಂತೆ ಮೈದಾನದ ಹಿಂದಿನ ಎರಡು ಎಕರೆ ಅವರ ಕಣ್ಣಿಗೆ ಮುಂದೊಂದು ದಿನದ ಅಂಗಡಿ ಸಾಲಿನಂತೆ ಕಾಣುತ್ತಿತ್ತು.

ಹನ್ನೊಂದನೇ ಅರ್ಜಿ ಬರೆಸಿಕೊಂಡ ದಿನ ಯಮುನಮ್ಮ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೇಳಿದರು, "ನೀವು ಚಂದ ಬರೀತೀರಮ್ಮ. ಅಲ್ಲಿ ಓದೋರು ಮಾತ್ರ ಯಾರೂ ಇಲ್ಲ."

ಆ ಮಾತು ಸುಬ್ಬಲಕ್ಷ್ಮಿಗೆ ಚುಚ್ಚಿತು. ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅದೇ, ಒಲೆ ಮುಂದೆ ನಿಂತಾಗಲೂ ಅದೇ. ಇಪ್ಪತ್ತು ವರ್ಷ ಅರ್ಜಿ ಬರೆದದ್ದೇ ಬಂತು, ತೆಗೆದುಕೊಳ್ಳುವ ಕಡೆ ನಮ್ಮವರೊಬ್ಬರೂ ಇಲ್ಲವಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡರು. ಗಣಪಯ್ಯನವರು ಅನ್ನ ಕಲಸುತ್ತ, "ಆ ಕಡೆ ಕೂರ್ಬೇಕಾದ್ರೆ ಅರ್ಜಿ ಹಾಕಿದ್ರೆ ಆಗೂದಿಲ್ಲ, ವೋಟು ಹಾಕಿಸ್ಕೊಬೇಕು" ಎಂದರು.

ಇದಾಗಿ ಎರಡು ವಾರ ಕಳೆದಿರಬಹುದು. ಕಚೇರಿಯ ಎದುರು ಸುಬ್ಬಲಕ್ಷ್ಮಿ ಈಗ ಕಂಪ್ಯೂಟರ್ ಇಟ್ಟುಕೊಂಡು ಕೂರುವ ಪುಟ್ಟ ಅಂಗಡಿಗೆ ರಘುಪತಿಯವರು ಬಂದರು. ಹೊಸಮಕ್ಕಿಯ ಹಳೆಯ ಜಮೀನುದಾರರ ಮನೆಯವರು, ಅರವತ್ತು ದಾಟಿದ ಸಭ್ಯ ಮನುಷ್ಯ, ಮುಂಗೋಪಿ. ಇಪ್ಪತ್ತೈದು ವರ್ಷ ಒಂದೇ ದೊಡ್ಡ ಪಕ್ಷದಲ್ಲಿ ದುಡಿದವರು. ಆ ದಿನ ಬೆಳಿಗ್ಗೆ ಪಕ್ಷದ ಜಿಲ್ಲಾ ಮುಖಂಡ ದತ್ತಮೂರ್ತಿ, ಇವರ ಇಡೀ ಸಮಿತಿಯನ್ನೇ ಬದಲಿಸಿ ಹೊಸಬರ ಪಟ್ಟಿಯನ್ನು ವಾಟ್ಸ್ಯಾಪಿನಲ್ಲಿ ಕಳಿಸಿಬಿಟ್ಟಿದ್ದರು. ಒಂದು ಫೋನೂ ಮಾಡಿರಲಿಲ್ಲ.

"ರಾಜೀನಾಮೆ ಒಂದು ಹೊಡ್ಕೊಡು ಲಕ್ಷ್ಮೀ. ಖಾರವಾಗಿರ್ಲಿ" ಎಂದರು ರಘುಪತಿ.

"ಖಾರ ಎಲ್ಲ ಅರ್ಧ ಪುಟಕ್ಕೆ ಮುಗೀತದೆ ರಘುಪತಿಯಣ್ಣ. ಆಮೇಲೆ ಎಂತ ಮಾಡ್ತೀರಿ?"

"ಎಂತ ಮಾಡೂದು. ಬರೋ ವರ್ಷ ಪಂಚಾಯ್ತಿ ಎಲೆಕ್ಷನ್ ಇದ್ಯಲ್ಲ, ಪಕ್ಷೇತರ ನಿಲ್ಲೂದು. ನನ್ ಜೊತೆ ಅರವತ್ತು ಜನ ಹೊರಗೆ ಬರ್ತಾರೆ."

"ಪಕ್ಷೇತರ ಗೆದ್ರೆ ಒಂಟಿ ಮರ. ಅರವತ್ತು ಜನ ಇದ್ರೆ ಪಕ್ಷವೇ ಮಾಡ್ಬಹುದು. ನೂರು ಜನ ಸಾಕು ಅಂತಾರೆ ಕಾಯ್ದೇಲಿ."

ರಘುಪತಿ ದೊಡ್ಡದಾಗಿ ನಕ್ಕರು. ಸುಬ್ಬಲಕ್ಷ್ಮಿ ನಗಲಿಲ್ಲ. ಮಾರನೇ ದಿನ ಮಧ್ಯಾಹ್ನ ರಘುಪತಿ ಮತ್ತೆ ಬರುವಷ್ಟರಲ್ಲಿ ಇವರು ಚುನಾವಣಾ ಆಯೋಗದ ನಿಯಮಗಳನ್ನು ಪ್ರಿಂಟ್ ತೆಗೆದು, ಬೇಕಾದ ಸಾಲುಗಳ ಕೆಳಗೆ ಗೆರೆ ಎಳೆದು ಇಟ್ಟುಕೊಂಡಿದ್ದರು. ಮತದಾರರ ಪಟ್ಟಿಯಲ್ಲಿ ಹೆಸರಿರುವ ನೂರು ಮಂದಿ ಒಬ್ಬೊಬ್ಬರೂ ಪ್ರಮಾಣಪತ್ರ ಕೊಡಬೇಕು, ಪಕ್ಷಕ್ಕೊಂದು ನಿಯಮಾವಳಿ ಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ದೆಹಲಿಗೆ ಕಳಿಸಬೇಕು. ರಘುಪತಿ ಗೆರೆ ಎಳೆದ ಸಾಲುಗಳನ್ನು ಓದಿ ಮುಗಿಸಿದರು.

"ನೀನೇ ಬರ್ಕೊಡ್ತೀಯಾ ಇದನ್ನೆಲ್ಲ?"

"ಬರ್ಕೊಡೂದಷ್ಟೇ ಆದ್ರೆ ಪುಟಕ್ಕೆ ಇಷ್ಟು ಅಂತ ತಗೊಳ್ತೇನೆ. ಪಕ್ಷದೊಳಗೆ ಬಾ ಅಂದ್ರೆ ಪುಕ್ಕಟೆ ಬರೀತೇನೆ, ಆದ್ರೆ ನಂಗೂ ಒಂದು ಮಾತು ಇರ್ಬೇಕು. ಕಾಲೋನಿಯವರ ಹಕ್ಕುಪತ್ರ ಮೊದಲ್ನೇ ಕೆಲಸ ಆಗ್ಬೇಕು."

ರಘುಪತಿ ಒಪ್ಪಿದರು. ಆ ಹೊತ್ತಿಗೆ ಅವರಿಗೆ ದತ್ತಮೂರ್ತಿಯ ಮೇಲಿದ್ದ ಸಿಟ್ಟಿನಲ್ಲಿ ಏನು ಹೇಳಿದ್ದರೂ ಒಪ್ಪುತ್ತಿದ್ದರು ಎಂದು ಆಮೇಲೆ ಅವರೇ ಹೇಳುತ್ತಿದ್ದರು.

ಅರವತ್ತು ಜನ ಬರುತ್ತಾರೆ ಎಂದದ್ದು ಕೊನೆಗೆ ಮೂವತ್ತೆಂಟಕ್ಕೆ ನಿಂತಿತು. ಉಳಿದ ಅರವತ್ತೆರಡು ಸಹಿಗಾಗಿ ಸುಬ್ಬಲಕ್ಷ್ಮಿ ಎರಡು ತಿಂಗಳು ಭಾನುವಾರಗಳಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸುತ್ತಿದರು. ತಾವು ಅರ್ಜಿ ಬರೆದುಕೊಟ್ಟವರ ಮನೆಗಳಿಗೇ ಹೋದರು. ಬಾಳಗಡಿಯಲ್ಲಿ ಕಾಲೇಜಿನ ಎದುರು ಹೋಟೆಲ್ ಇಟ್ಟವರು, ನರಸಿಂಹರಾಜಪುರದ ಆಟೋದವರು, ಶೃಂಗೇರಿಯ ಮಠದ ಬೀದಿಯಲ್ಲಿ ಹೂ ಕಟ್ಟುವವರು, ಗುಡ್ಡದ ಕಾಲೋನಿಯ ಹತ್ತೊಂಬತ್ತು ಮಂದಿ ಸಹಿ ಹಾಕಿದರು. ಶೃಂಗೇರಿಯ ಹತ್ತಿರ ಶಾರದಾಂಬ ಎಂಬ ಎಪ್ಪತ್ತು ದಾಟಿದವರು ಕಾಗದ ತಿರುವಿ ತಿರುವಿ ನೋಡಿದರು.

"ಇದಕ್ಕೆ ಸಹಿ ಹಾಕಿದ್ರೆ ಜೈಲಿಗೆ ಗೀಲಿಗೆ ಹೋಗ್ಬೇಕಾ ಮಾರಾಯ್ತಿ?"

"ಇಲ್ಲ ಅತ್ತೆ. ವರ್ಷಕ್ಕೆರಡು ಮೀಟಿಂಗಿಗೆ ಬರ್ಬೇಕು."

"ಅದಕ್ಕಿಂತ ಜೈಲೇ ವಾಸಿ" ಎನ್ನುತ್ತ ಶಾರದಾಂಬ ಸಹಿ ಹಾಕಿದರು.

ನೂರನೆಯ ಸಹಿ ಗಣಪಯ್ಯನವರದು. ಎಡಗೈಯಲ್ಲಿ ಹಾಕಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಯಾರಿಗೂ ಕೈ ಹಿಡಿಯಲು ಬಿಡಲಿಲ್ಲ.

ಪಕ್ಷಕ್ಕೆ ಮಲೆಸೀಮೆ ನಾಗರಿಕ ಪಕ್ಷ ಎಂದು ಹೆಸರಿಟ್ಟರು. ನಿಯಮಾವಳಿ ಬರೆದದ್ದು ಸುಬ್ಬಲಕ್ಷ್ಮಿ. ಅದರ ಒಂಬತ್ತನೇ ನಿಯಮದಲ್ಲಿ, ಬೇರೆ ಯಾವ ಪಕ್ಷದ ಜೊತೆ ಸೇರಬೇಕಾದರೂ, ಬೆಂಬಲ ಕೊಡಬೇಕಾದರೂ, ನೂರು ಮಂದಿ ಸ್ಥಾಪಕ ಸದಸ್ಯರಲ್ಲಿ ಹೆಚ್ಚಿನವರು ಬರಹದಲ್ಲಿ ಒಪ್ಪಬೇಕು ಎಂದಿತ್ತು. ಅಧ್ಯಕ್ಷ ರಘುಪತಿ ಎಲ್ಲ ಪುಟಕ್ಕೂ ಸಹಿ ಹಾಕಿದರು, ಯಾವುದನ್ನೂ ಓದಲಿಲ್ಲ.

ದೆಹಲಿಯಿಂದ ಮೊದಲು ಬಂದದ್ದು ಆಕ್ಷೇಪಣೆಯ ಪತ್ರ. ಹದಿನಾಲ್ಕು ಮಂದಿಯ ಹೆಸರು ಮತದಾರರ ಪಟ್ಟಿಗೆ ತಾಳೆಯಾಗುತ್ತಿರಲಿಲ್ಲ. ಯಜ್ಞೇಶ ಎಂದು ಸಹಿ ಹಾಕಿದವನು ಪಟ್ಟಿಯಲ್ಲಿ ಯಗ್ನೇಶನಾಗಿದ್ದ, ಈಶಾನ ಎಂಬವನ ತಂದೆಯ ಹೆಸರೇ ಬೇರೆ ಬಿದ್ದಿತ್ತು. ಇಂಥ ತಪ್ಪುಗಳನ್ನು ಸರಿಮಾಡುವುದೇ ಸುಬ್ಬಲಕ್ಷ್ಮಿಯವರ ಕಸುಬು. ಹದಿನಾಲ್ಕನ್ನೂ ಒಂದೇ ವಾರದಲ್ಲಿ ಸರಿಮಾಡಿ ಮತ್ತೆ ಕಳಿಸಿದರು. ಏಳು ತಿಂಗಳಿಗೆ ನೋಂದಣಿಯ ಪತ್ರ ಬಂತು. ಪೋಸ್ಟ್‌ಮನ್ ಲಕೋಟೆ ಕೊಟ್ಟಾಗ ಅವರು ಯಾರದೋ ಪಿಂಚಣಿ ಅರ್ಜಿ ಬರೆಯುತ್ತಿದ್ದರು. ಅದನ್ನು ಮುಗಿಸಿ ಕೊಟ್ಟು, ಆಮೇಲೆ ಲಕೋಟೆ ಒಡೆದು ಓದಿ, ಪಕ್ಕದ ಟೀ ಅಂಗಡಿಯವನಿಗೆ ಎಲ್ಲರಿಗೂ ಟೀ ಕೊಡಲು ಹೇಳಿದರು. ಇಪ್ಪತ್ತು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು.

ಚುನಾವಣೆ ಹತ್ತಿರ ಬಂದಾಗ ಚಿಹ್ನೆ ಆರಿಸಬೇಕಾಯಿತು. ಆಯೋಗದ ಪಟ್ಟಿಯಲ್ಲಿ ರಘುಪತಿಗೆ ವಜ್ರ ಚಂದ ಕಂಡಿತು. ಏಳನೇ ವಾರ್ಡಿಗೆ ನಿಲ್ಲಲು ಒಪ್ಪಿದ್ದ ಯಮುನಮ್ಮ ಸೀಟಿಯ ಮೇಲೆ ಬೆರಳಿಟ್ಟರು.

"ದಿನಾ ಬೆಳಿಗ್ಗೆ ಕಸದ ಗಾಡಿ ಜೊತೆ ನಾವು ಊದೋದು ಇದೇ ಅಲ್ವಾ. ಇದ್ರ ಸದ್ದಿಗೆ ಇಡೀ ಊರು ಬಾಗ್ಲು ತೆಗೀತದೆ. ವಜ್ರ ಯಾರ ಮನೇಲಿದೆ?"

ರಘುಪತಿ ಪಟ್ಟಿಯಲ್ಲಿ ಸೀಟಿಗೇ ಗುರುತು ಹಾಕಿದರು. ಅಂದಿನಿಂದ ಜನ ಅದನ್ನು ಸೀಟಿ ಪಕ್ಷ ಎಂದೇ ಕರೆದರು.

ದೊಡ್ಡ ಪಕ್ಷಗಳೆರಡೂ ಮೊದಲು ತಮಾಷೆ ಮಾಡಿದವು. ಎಣಿಕೆಯ ದಿನ ತಮಾಷೆ ನಿಂತಿತು. ದತ್ತಮೂರ್ತಿಯವರ, ಅಂದರೆ ರಘುಪತಿಯವರ ಹಳೆಯ ಪಕ್ಷಕ್ಕೆ ಐದು ಸ್ಥಾನ, ಅದರ ಎದುರು ಪಕ್ಷಕ್ಕೆ ನಾಲ್ಕು, ಸೀಟಿ ಪಕ್ಷಕ್ಕೆ ಎರಡು. ರಘುಪತಿ ಮೂರನೇ ವಾರ್ಡಿನಲ್ಲಿ ಇಪ್ಪತ್ತಾರು ಮತಗಳಿಂದ ಗೆದ್ದಿದ್ದರು. ಯಮುನಮ್ಮ ಏಳನೇ ವಾರ್ಡಿನಲ್ಲಿ ನೂರ ಹನ್ನೆರಡು ಮತಗಳಿಂದ. ಹನ್ನೊಂದರಲ್ಲಿ ಆರು ಕೈ ಎತ್ತಿದರೆ ಮಾತ್ರ ಯಾವ ಕೆಲಸವೂ ಆಗುವುದು. ಶಾಸಕರಿಗೂ ಸಂಸದರಿಗೂ ಮತವಿದ್ದರೂ ಅವು ಒಂದೊಂದು ಕಡೆಗೆ ಹೋಗಿ ಸರಿಸಮವಾಗುತ್ತಿದ್ದವು. ಅಂದರೆ ಈ ಇಬ್ಬರನ್ನು ಬಿಟ್ಟು ಯಾರೂ ಪಂಚಾಯಿತಿ ನಡೆಸುವಂತಿರಲಿಲ್ಲ.

ಫಲಿತಾಂಶದ ಮೂರನೇ ದಿನ ದತ್ತಮೂರ್ತಿಯವರೇ ರಘುಪತಿಯವರ ಮನೆಗೆ ಬಂದರು. ಹಣ್ಣಿನ ಬುಟ್ಟಿ, ಶಾಲು, ಹಳೆಯ ಸ್ನೇಹದ ಮಾತು. ನಿಮ್ಮ ಪಕ್ಷವನ್ನು ನಮ್ಮ ಪಕ್ಷಕ್ಕೆ ಸೇರಿಸಿಬಿಡಿ, ಉಪಾಧ್ಯಕ್ಷ ಸ್ಥಾನ ನಿಮಗೇ ಎಂದರು. ಇಪ್ಪತ್ತೈದು ವರ್ಷ ಇದ್ದ ಮನೆಗೆ ತಿರುಗಿ ಕರೆದಂತಾಗಿ ರಘುಪತಿಯವರ ಮನಸ್ಸು ಕರಗಿತು. ಹೂಂ ಎಂದೂ ಹೇಳಿಬಿಟ್ಟರು. ಮಾರನೇ ದಿನ ಆ ಪತ್ರ ಟೈಪ್ ಮಾಡಿಸಲು ಅವರು ಬಂದದ್ದು ಸುಬ್ಬಲಕ್ಷ್ಮಿಯವರ ಅಂಗಡಿಗೇ.

ಅವರು ಕನ್ನಡಕ ಮೇಲೆ ಸರಿಸಿ ನಿಯಮಾವಳಿ ತೆಗೆದು ಒಂಬತ್ತನೇ ನಿಯಮ ಓದಿದರು.

ರಘುಪತಿಯವರ ಮುಖ ಕೆಂಪಾಯಿತು. "ಇದನ್ನ ಯಾವಾಗ ಸೇರಿಸ್ದೆ ನೀನು?"

"ನೀವು ಸಹಿ ಹಾಕೋ ಮೊದ್ಲು. ಸಹಿ ಇದ್ಯಲ್ಲ ಕೆಳಗೆ."

"ನಾ ಕಟ್ಟಿದ ಪಕ್ಷದಲ್ಲಿ ನಂಗೇ ಮಾತಿಲ್ವಾ ಹಂಗಾದ್ರೆ?"

"ಇದೆ ರಘುಪತಿಯಣ್ಣ. ನೂರರಲ್ಲಿ ಒಂದು."

ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು. ರಘುಪತಿ ಬಿಟ್ಟುಹೋದರೆ ಪಕ್ಷ ಅಲ್ಲಿಗೇ ಮುಗಿದಂತೆ ಎಂದು ಸುಬ್ಬಲಕ್ಷ್ಮಿಗೆ ಗೊತ್ತಿತ್ತು. ಆದರೂ ಅಂದೇ ಕೂತು ನೂರು ಮಂದಿಗೂ ಸಭೆಯ ನೋಟಿಸ್ ಬರೆದರು.

ಭಾನುವಾರ ಹೊಸಮಕ್ಕಿಯ ಶಾಲೆಯ ಹಾಲಿನಲ್ಲಿ ತೊಂಬತ್ತೊಂದು ಮಂದಿ ಸೇರಿದರು. ಶಾರದಾಂಬನವರೂ ಶೃಂಗೇರಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ರಘುಪತಿ ಬರುವುದಿಲ್ಲ ಎಂದು ಸುದ್ದಿಯಿತ್ತು. ಸಭೆ ಶುರುವಾದ ಮೇಲೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಷ ಸೇರಿಸಿಬಿಡುವುದು ಬೇಡ, ಕಾಲೋನಿಯ ಜಾಗ ಬಿಟ್ಟುಕೊಡುತ್ತೇವೆಂದು ಯಾರು ಬರಹದಲ್ಲಿ ಕೊಡುತ್ತಾರೋ ಅವರಿಗೆ ಬೆಂಬಲ ಎಂದು ಸುಬ್ಬಲಕ್ಷ್ಮಿ ಸೂಚನೆ ಓದಿದರು. ಚೀಟಿ ಎಣಿಸಿದಾಗ ಪರವಾಗಿ ಎಪ್ಪತ್ತೊಂದು, ವಿರೋಧ ಇಪ್ಪತ್ತು.

ಹಿಂದಿನ ಬೆಂಚಿನಿಂದ ರಘುಪತಿ ಎದ್ದರು. ಎಲ್ಲರೂ ತಿರುಗಿ ನೋಡಿದರು.

"ನನ್ನ ಚೀಟಿ ಇಪ್ಪತ್ತರಲ್ಲಿದೆ" ಎಂದರು. "ಸೋತದ್ದು ಹೌದು. ಆದ್ರೆ ದತ್ತಮೂರ್ತಿ ನನ್ನ ತೆಗೆದಾಗ ಒಂದು ಫೋನೂ ಮಾಡ್ಲಿಲ್ಲ. ಇಲ್ಲಿ ನೋಟಿಸ್ ಕೊಟ್ಟು, ಕರ್ದು, ಎಣ್ಸಿ ಸೋಲ್ಸಿದ್ರಿ. ಇದೇ ವಾಸಿ." ಹಾಗೆಂದು ಮುಂದೆ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಅಂದಿನಿಂದ ಅವರು ಕದಲಲಿಲ್ಲ.

ಈ ಮಧ್ಯೆ ಪಂಚಾಯಿತಿ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಸರ್ಕಾರದಿಂದ ಬಂದಿರಲೇ ಇಲ್ಲ. ಐದು ತಿಂಗಳು ಕಾದರು. ಪಟ್ಟಿ ಬಂದ ದಿನ ಹೊಸಮಕ್ಕಿಯ ಹೆಸರಿನ ಮುಂದೆ ಪರಿಶಿಷ್ಟ ಜಾತಿ ಮಹಿಳೆ ಎಂದಿತ್ತು. ಗೆದ್ದ ಹನ್ನೊಂದು ಮಂದಿಯಲ್ಲಿ ಹಾಗಿದ್ದವರು ಒಬ್ಬರೇ. ಯಮುನಮ್ಮ.

ಸುದ್ದಿ ಕೇಳಿ ಸುಬ್ಬಲಕ್ಷ್ಮಿ ಅಂಗಡಿ ಮುಚ್ಚಿ ಬಸ್ಸು ಹತ್ತಿ ಸಂತೆ ಮೈದಾನಕ್ಕೆ ಬಂದರು. ಯಮುನಮ್ಮ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು.

"ನೀವು ಅಧ್ಯಕ್ಷೆ ಆಗ್ತೀರಿ ಯಮುನಮ್ಮ. ಬೇರೆ ಯಾರೂ ಆಗೋ ಹಾಗಿಲ್ಲ."

ಯಮುನಮ್ಮ ಚೊಂಬು ಕೆಳಗಿಟ್ಟರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡರು. ಆಮೇಲೆ ಕೇಳಿದರು, "ಆ ಆಫೀಸಿನ ಮೆಟ್ಲು ನಾನು ಹನ್ನೆರಡು ವರ್ಷ ಗುಡಿಸಿದ್ದೀನಿ. ಒಳಗೆ ಕುರ್ಚಿ ಮೇಲೆ ಕೂತೋರು ಎಂತ ಮಾಡ್ತಾರೆ ಅಂತ ನಂಗೆ ಗೊತ್ತಿಲ್ವಲ್ಲ?"

"ಬಂದ ಕಾಗದ ಓದ್ತಾರೆ" ಎಂದರು ಸುಬ್ಬಲಕ್ಷ್ಮಿ. "ಓದ್ಬೇಕು."

ಮರುದಿನ ಬೆಳಿಗ್ಗೆಯೇ ದತ್ತಮೂರ್ತಿಯವರ ಕಾರು ಗುಡ್ಡದ ಕಾಲೋನಿ ಹತ್ತಿತು. ನಮ್ಮ ಪಕ್ಷಕ್ಕೆ ಬಂದು ಅಧ್ಯಕ್ಷೆಯಾಗಿ, ನಿಮ್ಮ ಮನೆ ತಾರಸಿ ಮಾಡಿಸಿಕೊಡುವ ಜವಾಬ್ದಾರಿ ನನ್ನದು ಎಂದರು. ಯಮುನಮ್ಮ ಅವರಿಗೆ ಚಾಪೆ ಹಾಸಿ, ಕಾಫಿ ಕೊಟ್ಟರು.

"ನನ್ ಮನೆ ಒಂದಕ್ಕೆ ತಾರಸಿ ಹಾಕಿದ್ರೆ ಉಳಿದ ನಲವತ್ತೆರಡು ಮನೆಯೋರು ಅದನ್ನೇ ನೋಡ್ತಾ ಕೂರ್ಬೇಕಲ್ಲ ಸ್ವಾಮಿ. ಆ ಜಾಗ ಬಿಟ್ಕೊಡ್ತೀವಿ ಅಂತ ಬರ್ದು ಸಹಿ ಹಾಕಿ. ಅಷ್ಟು ಸಾಕು."

"ನಮ್ ನಮ್ಮಲ್ಲಿ ಕಾಗದ ಎಂತಕ್ಕೆ ಯಮುನಮ್ಮ? ಮಾತು ಕೊಟ್ರೆ ಆಯ್ತಲ್ಲ."

"ಮಾತು ಮೂವತ್ತು ವರ್ಷದಿಂದ ಇದೆ ನಮ್ಮತ್ರ" ಎಂದರು ಯಮುನಮ್ಮ.

ಎದುರು ಪಕ್ಷದ ಮುಂದಾಳು ಶಿವಕಿರಣ ಎಂಬ ಮೂವತ್ತೈದರ ವಕೀಲ. ಅವನು ಸುಬ್ಬಲಕ್ಷ್ಮಿಯವರ ಅಂಗಡಿಗೆ ಬಂದು ಅವರು ಬರೆದಿಟ್ಟಿದ್ದ ಒಪ್ಪಂದ ಓದಿದ. ಎರಡೇ ಪುಟ. ಉಪಾಧ್ಯಕ್ಷ ಸ್ಥಾನ ಅವನ ಪಕ್ಷಕ್ಕೆ, ಬದಲಿಗೆ ಅಧಿಕಾರ ವಹಿಸಿಕೊಂಡ ತೊಂಬತ್ತು ದಿನದೊಳಗೆ ಎರಡು ಎಕರೆ ಜಾಗ ಬಿಟ್ಟುಕೊಡುವ ಠರಾವಿಗೆ ನಾಲ್ಕೂ ಸದಸ್ಯರ ಮತ. ಅವನು ಸಹಿ ಹಾಕಿದ, ನಾಲ್ವರಿಂದಲೂ ಹಾಕಿಸಿದ. ಯಮುನಮ್ಮ ಅವಿರೋಧವಾಗಿ ಅಧ್ಯಕ್ಷೆಯಾದರು. ಅಂದು ಪಂಚಾಯಿತಿ ಕಚೇರಿಯ ಮುಂದೆ ಕಾಲೋನಿಯ ಹೆಂಗಸರು ಒಟ್ಟಿಗೆ ಸೀಟಿ ಊದಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿತು.

ಆದರೆ ಕುರ್ಚಿ ಸಿಕ್ಕ ಮಾತ್ರಕ್ಕೆ ಕೆಲಸ ಆಗಲಿಲ್ಲ. ಠರಾವು ಮಂಡಿಸಬೇಕಿದ್ದ ಮೊದಲ ಸಭೆಗೆ ಶಿವಕಿರಣನ ಪಕ್ಷದ ನಾಲ್ವರೂ ಬರಲಿಲ್ಲ. ಅವರು ಬಾರದ್ದನ್ನು ನೋಡಿ ಹಳೆಯ ಪಕ್ಷದ ಐವರೂ ಎದ್ದು ಹೋದರು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತು. ಎರಡನೇ ಸಲವೂ ಹಾಗೆಯೇ. ನಾಲ್ವರಲ್ಲಿ ಇಬ್ಬರಿಗೆ ಆ ಜಾಗದಲ್ಲಿ ಅಂಗಡಿ ಸಾಲು ಎಬ್ಬಿಸುವ ಆಸೆ ಇನ್ನೂ ಹೋಗಿರಲಿಲ್ಲ. ಸುಬ್ಬಲಕ್ಷ್ಮಿ ಫೋನ್ ಮಾಡಿದಾಗ ಶಿವಕಿರಣ, "ನನ್ ಮಾತು ಕೇಳ್ತಿಲ್ಲ ಅಕ್ಕ ಅವರು, ಸ್ವಲ್ಪ ತಡೀರಿ" ಎಂದ. ಅವನ ದನಿಯಲ್ಲಿ ನಾಚಿಕೆಯಿತ್ತು.

ಎಪ್ಪತ್ತನೇ ದಿನ ಸುಬ್ಬಲಕ್ಷ್ಮಿ ತಡೆಯುವುದನ್ನು ನಿಲ್ಲಿಸಿದರು. ಒಪ್ಪಂದದ ಎರಡೂ ಪುಟಗಳನ್ನು, ನಾಲ್ವರ ಸಹಿ ಸಮೇತ, ಎರಡು ಸಾವಿರ ಪ್ರತಿ ಜೆರಾಕ್ಸ್ ಮಾಡಿದರು. ಹನ್ನೊಂದು ವಾರ್ಡಿನ ಮನೆಮನೆಗೂ ಕಸದ ಗಾಡಿಯ ಹಿಂದೆ ಬೆಳಗಿನ ಹೊತ್ತು ಕಾಲೋನಿಯ ಹೆಂಗಸರು ಅದನ್ನು ಹಂಚಿದರು. ಅದೇ ದಿನ ರಘುಪತಿ ತಾವಾಗಿಯೇ ಚಿಕ್ಕಮಗಳೂರಿಗೆ ಹೋಗಿ ದತ್ತಮೂರ್ತಿಯವರನ್ನು ಕಂಡರು.

"ನಿಮ್ ಐದು ಜನ ಬಂದು ಕೈ ಎತ್ತಿದ್ರೆ ಹಕ್ಕುಪತ್ರ ಕೊಡ್ಸಿದ್ದು ನೀವು ಅಂತ ಆಗ್ತದೆ" ಎಂದರು ರಘುಪತಿ. "ಮೈತ್ರಿ ಮಾಡ್ಕೊಂಡೋರು ಮಾತು ತಪ್ಪಿದ್ರು, ಎದುರಿಗಿದ್ದೋರು ಮಾಡಿದ್ರು ಅಂತ ಜನ ಹೇಳ್ತಾರೆ. ನಂಗೇನೂ ಬೇಡ. ಉಪಾಧ್ಯಕ್ಷ ಗಿಪಾಧ್ಯಕ್ಷ ಎಲ್ಲ ಬಿಟ್ಟಾಯ್ತು."

ದತ್ತಮೂರ್ತಿ ಹಳೆಯ ರಾಜಕಾರಣಿ. ಇಂಥ ಲೆಕ್ಕ ಅವರಿಗೆ ಬೇಗ ತಿಳಿಯುತ್ತದೆ. ಎಂಬತ್ತೆರಡನೇ ದಿನ ಅಧ್ಯಕ್ಷೆ ವಿಶೇಷ ಸಭೆ ಕರೆದರು. ಹಳೆಯ ಪಕ್ಷದ ಐವರೂ ಇಸ್ತ್ರಿ ಹಾಕಿದ ಬಿಳಿ ಬಟ್ಟೆಯಲ್ಲಿ ಹತ್ತು ನಿಮಿಷ ಮೊದಲೇ ಬಂದು ಕೂತರು. ಅವರು ಬಂದ ಸುದ್ದಿ ಹೋಗಿ ಮುಟ್ಟಿದ್ದೇ ತಡ, ಎದುರು ಪಕ್ಷದ ನಾಲ್ವರೂ ಒಬ್ಬರ ಹಿಂದೊಬ್ಬರು ಬಂದರು. ಊರಿನ ಎದುರು ತಮ್ಮದೊಂದೇ ಸಹಿ ಸುಳ್ಳಾಗುವುದು ಅವರಿಗೆ ಬೇಡವಾಗಿತ್ತು.

ಯಮುನಮ್ಮ ಠರಾವನ್ನು ತಾವೇ ಓದಿದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಒಂದು ವಾರ ಸುಬ್ಬಲಕ್ಷ್ಮಿಯವರ ಮನೆಯಲ್ಲಿ ಗಣಪಯ್ಯನವರ ಎದುರು ಕೂತು ಓದಿ ಓದಿ ಅಭ್ಯಾಸ ಮಾಡಿದ್ದರು. ಸರ್ವೆ ನಂಬರಿನ ಹತ್ತಿರ ಒಮ್ಮೆ ತಡವರಿಸಿದರು, ಮತ್ತೆ ಮೊದಲಿನಿಂದ ಓದಿದರು. ಪರವಾಗಿರುವವರು ಕೈ ಎತ್ತಿ ಎಂದರು. ರಘುಪತಿ ಎಲ್ಲರಿಗಿಂತ ಮೊದಲು ಎತ್ತಿದರು. ಹನ್ನೊಂದೂ ಕೈ ಮೇಲೆದ್ದವು. ಪ್ರೇಕ್ಷಕರ ಬೆಂಚಿನಲ್ಲಿದ್ದ ಸುಬ್ಬಲಕ್ಷ್ಮಿ ಮತ್ತೊಮ್ಮೆ ಎಣಿಸಿದರು. ಹನ್ನೊಂದೇ. ಆರಿದ್ದರೆ ಸಾಕು ಎಂದುಕೊಂಡು ಬಂದವರು ಅವರು. ಕನ್ನಡಕ ತೆಗೆದು ಒರೆಸಿಕೊಂಡರು.

ಠರಾವು ಜಿಲ್ಲೆಗೆ ಹೋಗಿ, ಅಳತೆಯಾಗಿ, ಹಕ್ಕುಪತ್ರಗಳು ತಯಾರಾಗಿ ಬರಲು ಹತ್ತು ತಿಂಗಳು ಹಿಡಿಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಸಂತೆ ಮೈದಾನದಲ್ಲಿ ಶಾಮಿಯಾನ ಹಾಕಿದರು. ಎರಡು ಪಕ್ಷದವರೂ ತಮ್ಮ ತಮ್ಮ ಬ್ಯಾನರ್ ಕಟ್ಟಿ, ಇದು ತಮ್ಮ ಸಾಧನೆ ಎಂದು ಬರೆಸಿದ್ದರು. ಸೀಟಿ ಪಕ್ಷದ ಬ್ಯಾನರ್ ಇರಲಿಲ್ಲ, ಅದರಿಂದ ಗೆದ್ದ ಪಂಚಾಯಿತಿ ಅಧ್ಯಕ್ಷೆ ವೇದಿಕೆಯ ನಡುಮಧ್ಯೆ ಕೂತಿದ್ದರು. ಸುಬ್ಬಲಕ್ಷ್ಮಿ ವೇದಿಕೆಯ ಪಕ್ಕದ ಮೇಜಿನ ಹತ್ತಿರ ನಿಂತು, ಹಂಚುವ ಮೊದಲು ನಲವತ್ಮೂರು ಹಕ್ಕುಪತ್ರಗಳನ್ನೂ ಒಂದೊಂದಾಗಿ ಆಧಾರ್ ಪ್ರತಿಯ ಜೊತೆ ತಾಳೆ ನೋಡಿದರು. ಒಂದರಲ್ಲಿ ಶಿಲ್ಪಶ್ರೀ ಎಂಬ ವಿಧವೆಯ ಹೆಸರು ಶಿಲ್ಪಾ ಎಂದಷ್ಟೇ ಬಿದ್ದಿತ್ತು. ಬಂದಿದ್ದ ಅಧಿಕಾರಿ, ಆಮೇಲೆ ತಿದ್ದಿಕೊಡೋಣ ಎಂದರು.

"ಆಮೇಲೆ ಅಂದ್ರೆ ಅವಳು ನನ್ನ ಅಂಗಡಿಗೆ ಬರ್ತಾಳೆ ಸಾರ್, ಅರ್ಜಿ ಬರ್ಸ್‌ಲಿಕ್ಕೆ" ಎಂದರು ಸುಬ್ಬಲಕ್ಷ್ಮಿ. "ಈಗ್ಲೇ ಆಗ್ಲಿ."

ಅಧಿಕಾರಿ ನಕ್ಕು, ಅಲ್ಲೇ ತಿದ್ದಿ, ಮೊಹರು ಒತ್ತಿಸಿ ಕೊಟ್ಟರು.

ಹೆಸರು ಕರೆದಾಗ ಒಬ್ಬೊಬ್ಬರೇ ವೇದಿಕೆ ಹತ್ತಿದರು. ಕೊಡುತ್ತಿದ್ದವರು ಯಮುನಮ್ಮ. ತಮ್ಮದೇ ಹೆಸರು ಬಂದಾಗ ಯಾರ ಕೈಯಿಂದ ತೆಗೆದುಕೊಳ್ಳುವುದೆಂದು ಅವರಿಗೆ ತೋಚಲಿಲ್ಲ. ಸುತ್ತ ನೋಡಿದರು. ಆಮೇಲೆ ಕೆಳಗಿಳಿದು ಬಂದು ಹಕ್ಕುಪತ್ರವನ್ನು ಸುಬ್ಬಲಕ್ಷ್ಮಿಯವರ ಕೈಗೆ ಕೊಟ್ಟು, ಅವರ ಕೈಯಿಂದ ತೆಗೆದುಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ಗಣಪಯ್ಯನವರಿಗೆ ಚಪ್ಪಾಳೆ ತಟ್ಟಲು ಆಗುವುದಿಲ್ಲ. ಎಡಗೈಯಲ್ಲಿ ತೊಡೆ ತಟ್ಟುತ್ತಿದ್ದರು.

ಸೋಮವಾರ ಸುಬ್ಬಲಕ್ಷ್ಮಿ ಎಂದಿನ ಬಸ್ಸಿಗೆ ಕೊಪ್ಪಕ್ಕೆ ಹೋದರು. ಬೀಗ ತೆಗೆಯುವ ಮೊದಲೇ ಅಂಗಡಿಯ ಎದುರು ನರಸಿಂಹರಾಜಪುರದ ಆಚೆಯ ಒಂದು ಹಳ್ಳಿಯಿಂದ ಬಂದ ಐದು ಮಂದಿ ಕಾಯುತ್ತಿದ್ದರು. ಹೊಸಮಕ್ಕಿಯ ಸುದ್ದಿ ಪೇಪರಿನಲ್ಲಿ ಓದಿದ್ದರಂತೆ. ತಮ್ಮ ಊರಿಗೂ ಅಂಥದ್ದೊಂದು ಅರ್ಜಿ ಬರೆದುಕೊಡಬೇಕು ಎಂದರು.

"ಬರೀತೇನೆ, ಅದಕ್ಕೇನು" ಎಂದು ಅವರು ಕಂಪ್ಯೂಟರ್ ಹಾಕಿದರು. "ಮೊದ್ಲು ಹೇಳಿ, ನಿಮ್ಮೂರಲ್ಲಿ ಎಲೆಕ್ಷನ್ ಯಾವಾಗ? ನಿಲ್ಲೋ ಧೈರ್ಯ ಇರೋ ಹೆಂಗಸರು ಯಾರ್ಯಾರಿದ್ದಾರೆ?"

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ನಿಂತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.